ನೆಟ್ಟಗೆ ಕೂತ ಅರ್ಧ ತಾಸು

ನನ್ನ ಮುಖ ಗುಂಡಗಾದಾಗ ಅರ್ಧ ಶಹಾಪುರ ಸಂತೋಷಪಟ್ಟಿತ್ತು. ಅಂಗಡಿಗೆ ಬಂದ ಗಿರಾಕಿಗಳು ಸೀರೆ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಮುಖದ ಮೇಲೆ ಕಳೆ ಬಂದಿದೆ, ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾಳೆ, ಈ ವಯಸ್ಸಿಗೆ ಹೀಗಿರಬೇಕು ಎನ್ನುತ್ತಿದ್ದರು. ದೋರನಹಳ್ಳಿಯ ಹಳೆಯ ಗಿರಾಕಿಯೊಬ್ಬಳಂತೂ ನನ್ನ ಗಲ್ಲ ಸವರಿ, ಬೆರಳ ನಟಿಕೆ ಮುರಿದು ದೃಷ್ಟಿ ತೆಗೆದೇ ಹೋದಳು. ನಾನೂ ಕನ್ನಡಿಯ ಮುಂದೆ ನಿಂತು ಹಿಗ್ಗಿದ್ದುಂಟು. ಅದು ಕಳೆಯಲ್ಲ, ಬಾವು. ಹೊರಗೆ ಮುಖ ತುಂಬುತ್ತಿದ್ದಾಗ ಒಳಗೆ ಎಲುಬು ಬರಿದಾಗುತ್ತಿತ್ತು ಎಂದು ನನಗಾಗಲಿ ದೃಷ್ಟಿ ತೆಗೆದವಳಿಗಾಗಲಿ ಏನು ಗೊತ್ತಿತ್ತು?

ನಾನು ನೀಲಮ್ಮ. ಅರವತ್ತೈದು ದಾಟಿದವಳು. ನಮ್ಮದು ಸೀರೆ, ಕುಪ್ಪಸದ ಕಣದ ಅಂಗಡಿ. ಯಜಮಾನರು ತೀರಿಕೊಂಡ ಮೇಲೆ ನಾನೇ ನಡೆಸಿದ್ದು. ನಮ್ಮಲ್ಲಿ ಕೌಂಟರು, ಗಾಜಿನ ಪೆಟ್ಟಿಗೆ ಏನೂ ಇಲ್ಲ. ನೆಲದ ಮೇಲೆ ಬಿಳಿ ಗಾದಿ ಹಾಸಿರುತ್ತದೆ, ಗಿರಾಕಿಗಳು ಚಪ್ಪಲಿ ಬಿಟ್ಟು ಬಂದು ಸುತ್ತ ಕೂಡುತ್ತಾರೆ, ನಾನು ನಡುವೆ ಮಂಡಿಯೂರಿ ಸೀರೆ ಬೀಸುತ್ತೇನೆ. ಬೀಸುವುದೆಂದರೆ ಮಡಿಕೆಯ ಒಂದು ತುದಿ ಹಿಡಿದು ಒಂದೇ ಸಲ ಝಾಡಿಸುವುದು. ಸೀರೆ ಗಾದಿಯುದ್ದಕ್ಕೂ ಹರಿದು ಹೋಗಿ, ಸೆರಗು ನೇರ ಗಿರಾಕಿಯ ಮಡಿಲಿಗೆ ಬೀಳಬೇಕು. ಮಡಿಲಿಗೆ ಬಿದ್ದ ಸೆರಗನ್ನು ಯಾವ ಹೆಣ್ಣುಮಗಳೂ ಅಷ್ಟು ಸುಲಭಕ್ಕೆ ಎತ್ತಿ ಪಕ್ಕಕ್ಕಿಡುವುದಿಲ್ಲ, ಇದು ವ್ಯಾಪಾರದ ಗುಟ್ಟು. ಇದನ್ನು ನನಗೆ ಕಲಿಸಿದವಳು ನನ್ನ ಅತ್ತೆ ಗಂಗಮ್ಮ. ತೊಂಬತ್ತರ ಹತ್ತಿರ ಬಂದರೂ ಒನಕೆಯ ಹಾಗೆ ನೆಟ್ಟಗಿದ್ದಾಳೆ, ಮಾತೂ ಒನಕೆಯದೇ.

ಹತ್ತಿ ಬಿಡಿಸುವ ಕಾಲ ಬಂತೆಂದರೆ ನನಗೆ ದಮ್ಮು. ಹತ್ತಿ ಹಿಂಜುವ ಜಿನ್ನಿನ ಗಿರಣಿಯ ಧೂಳು ಊರಿನ ಮೇಲೆಲ್ಲ ಹಾರಾಡುತ್ತಿರುತ್ತದೆ. ಬಹಳ ವರ್ಷಗಳ ಹಿಂದೆ ಉಸಿರು ತೀರ ಕಟ್ಟಿಕೊಂಡಾಗ ವೈದ್ಯರೊಬ್ಬರು ಕೆಲವೇ ದಿನಕ್ಕೆಂದು ಸಣ್ಣ ಬಿಳಿ ಗುಳಿಗೆ ಬರೆದುಕೊಟ್ಟಿದ್ದರು. ನುಂಗಿದ ಮರುದಿನ ದಮ್ಮಷ್ಟೇ ಅಲ್ಲ, ಮೊಣಕಾಲ ನೋವು, ಸೊಂಟದ ಹಿಡಿತ ಎಲ್ಲ ಮಾಯ! ಹಸಿವೋ ಹಸಿವು, ಎರಡು ರೊಟ್ಟಿ ತಿನ್ನುವವಳು ನಾಲ್ಕು ತಿಂದೆ. ಇಂಥ ಗುಳಿಗೆಯನ್ನು ಯಾರಾದರೂ ಬಿಡುತ್ತಾರೆಯೇ? ಔಷಧದ ಅಂಗಡಿಗೆ ಹೋಗಿ ಖಾಲಿ ಪಟ್ಟಿ ತೋರಿಸಿ, ಇದೇ ಕೊಡಪ್ಪಾ ಎನ್ನುವುದು ರೂಢಿಯಾಯಿತು. ವೈದ್ಯರು ಕೊಟ್ಟದ್ದೇ ತಾನೆ ಎಂಬ ಧೈರ್ಯ ಬೇರೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ನನ್ನ ನಿಮಿಷ ಬಂದದ್ದು ದೇವಾಪುರದ ಮದುವೆಯ ಜನ ಗಾದಿಯ ತುಂಬ ಕೂತಿದ್ದಾಗ. ಮದುಮಗಳಿಗೆ ಹಸಿರು ಸೀರೆ ತೋರಿಸಬೇಕಿತ್ತು. ಮಂಡಿಯೂರಿ, ಮುಂದೆ ಬಾಗಿ, ಝಾಡಿಸಿದೆ. ಸೀರೆ ಹರಿಯುವ ಮೊದಲೇ ಬೆನ್ನಿನ ನಡುವೆ ಕಟಕ್ಕೆಂದಿತು. ಸೆರಗು ಅರ್ಧ ದಾರಿಯಲ್ಲೇ ಬಿತ್ತು, ನಾನು ಸೆರಗಿನ ಮೇಲೆ ಬಿದ್ದೆ. ಬಿದ್ದುದರಿಂದ ಎಲುಬು ಮುರಿದದ್ದಲ್ಲ, ಮುರಿದದ್ದರಿಂದ ಬಿದ್ದೆ. ಆ ನೋವಿನಲ್ಲೂ ನನಗೆ ನೆನಪಿರುವುದು, ಮದುಮಗಳು ಸೀರೆಯನ್ನು ನನ್ನ ಕೆಳಗಿನಿಂದ ಮೆಲ್ಲಗೆ ಎಳೆದುಕೊಂಡು ಮಡಚಿಟ್ಟದ್ದು. ಪಾಪ, ಸೀರೆ ಅವಳಿಗೆ ಹಿಡಿಸಿತ್ತು.

ಮಗ ನನ್ನನ್ನು ಯಾದಗಿರಿಗೆ ಕರೆದೊಯ್ದ. ಆ ಆಸ್ಪತ್ರೆಯ ಕಾಯುವ ಜಾಗ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಗೋಡೆಗೆ ಆತು ಕೂತ ಹೆಂಗಸರೆಲ್ಲ ನನ್ನ ವಾರಗೆಯವರು. ಒಬ್ಬಳ ಮಣಿಕಟ್ಟಿಗೆ ಪ್ಲಾಸ್ಟರು, ಒಬ್ಬಳ ಕೈಯಲ್ಲಿ ವಾಕರು. ಬೆಂಚು ತಗ್ಗು, ಕೂಡಲಾಗದು, ನಿಲ್ಲಲಾಗದು. ನಾರಾಯಣಪುರದ ಅಣೆಕಟ್ಟಿನ ಕ್ವಾರ್ಟರ್ಸಿನಿಂದ ಬಂದಿದ್ದ ಹೆಣ್ಣುಮಗಳೊಬ್ಬಳು, ನನ್ನ ಗುರುತು ಪರಿಚಯ ಇಲ್ಲದವಳು, ತಾನು ಹೊದ್ದಿದ್ದ ಶಾಲು ತೆಗೆದು ಸುರುಳಿ ಸುತ್ತಿ ನನ್ನ ಬೆನ್ನ ಹಿಂದಿಟ್ಟಳು. ಆ ಇಡೀ ದಿನದಲ್ಲಿ ನನಗೆ ಆದ ದೊಡ್ಡ ಉಪಚಾರ ಅದೇ. ಅವಳ ಹೆಸರು ಕೇಳಲು ಮರೆತೆ.

ವೈದ್ಯರು ಎಕ್ಸ್‌ರೇ ಹಿಡಿದು ನೋಡಿದರು, ಆಮೇಲೆ ನನ್ನ ಗುಂಡು ಮುಖ ನೋಡಿದರು. ಯಾವ ಯಾವ ಗುಳಿಗೆ ನುಂಗುತ್ತೀರಿ ಎಂದು ಕೇಳಿದಾಗ ಬಿಳಿ ಗುಳಿಗೆಯ ಪಟ್ಟಿ ತೋರಿಸಿದೆ.

"ಇದನ್ನ ದಿನಾ ತಗೋತೀರೇನ್ರಿ?"

"ಇಲ್ರಿ, ದಿನಾ ಯಾಕ? ದಮ್ಮು ಬಂದಾಗ ಅಷ್ಟ."

"ದಮ್ಮು ಯಾವಾಗ ಬರ್ತದ?"

"ದಿನಾ ಬರ್ತದ್ರಿ."

ಮಗ ಮೇಲಕ್ಕೆ ಫ್ಯಾನು ನೋಡುತ್ತ ನಿಂತ. ವೈದ್ಯರು ಬೈಯಲಿಲ್ಲ. ಕಲಬುರಗಿಗೆ ಕಳಿಸಿ ಎಲುಬಿನ ಗಟ್ಟಿತನ ಅಳೆಯುವ ಸ್ಕ್ಯಾನು ಮಾಡಿಸಿದರು. ವರದಿ ಬಂದ ಮೇಲೆ ನನಗೆ ತಿಳಿಯುವ ಹಾಗೆ ಹೇಳಿದರು: ಆ ಸ್ಟಿರಾಯ್ಡ್ ಗುಳಿಗೆ ಉಸಿರು ಕೊಟ್ಟಿತು, ಮುಖ ಉಬ್ಬಿಸಿತು, ಎಲುಬು ತೆಗೆದುಕೊಂಡಿತು, ಬೆನ್ನಿನ ಒಂದು ಮಣಿ ಕುಸಿದಿದೆ, ಹೀಗೇ ಬಿಟ್ಟರೆ ಇನ್ನೊಂದು ಕುಸಿಯುತ್ತದೆ. ಬಿಳಿ ಗುಳಿಗೆಯನ್ನು ನಾಳೆಯೇ ಎಸೆಯುವ ಹಾಗೂ ಇರಲಿಲ್ಲ, ದೇಹ ಅದಕ್ಕೆ ಒಗ್ಗಿಹೋಗಿತ್ತು. ತಮ್ಮ ಕಣ್ಣೆದುರಿಗೇ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತೇವೆಂದರು, ದಮ್ಮಿಗೆ ಬಾಯಿಂದ ಎಳೆದುಕೊಳ್ಳುವ ಪಂಪು ಕೊಟ್ಟರು.

ಇನ್ನೊಂದು ಮಣಿ ಕುಸಿಯುತ್ತದೆ ಎಂದಾಗ ನನಗೆ ಕಂಡದ್ದು ನನ್ನ ಹಡೆದವ್ವ. ಕಡೆಗಾಲದಲ್ಲಿ ಅವಳು ಎಷ್ಟು ಬಾಗಿದ್ದಳೆಂದರೆ ಮನೆಗೆ ಬಂದವರನ್ನು ಪಾದ ನೋಡಿ ಗುರುತಿಸುತ್ತಿದ್ದಳು. ನಾನು ತವರಿಗೆ ಹೋದರೆ ನನ್ನ ಕಾಲುಂಗುರ ನೋಡಿ, ನೀಲಾ ಬಂದೆಯಾ ಎನ್ನುತ್ತಿದ್ದಳು. ಮಗಳ ಮುಖ ನೋಡಬೇಕೆಂದರೆ ಅವಳನ್ನು ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕಿತ್ತು. ಹಿಂದಿರುಗುವಾಗ ಕಾರಿನಲ್ಲಿ ನನಗೆ ಹೆದರಿಕೆಯಾಯಿತು, ಬಹಳ ಹೆದರಿಕೆಯಾಯಿತು. ಸಾಯುವುದಕ್ಕಲ್ಲ. ಗಿರಾಕಿಯ ಮುಖ ಕಾಣದೆ ಬರೀ ಚಪ್ಪಲಿ ನೋಡುತ್ತ ಬದುಕುವುದಕ್ಕೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ತೀರ್ಮಾನ. ಮಗ, ಇನ್ನು ಅಂಗಡಿ ಸಾಕು ಎಂದ. ಸೊಸೆ ಮಹಾದೇವಿ ಸುರಪುರದವಳು, ನನ್ನ ಮೇಲೆ ಜೀವ; ನನ್ನನ್ನು ಹಾಸಿಗೆಯಿಂದ ಇಳಿಯಗೊಡಲಿಲ್ಲ. ನೋಡಬಂದ ನೆಂಟರು ಹಾಲು, ಕೊಬ್ಬರಿ, ಅಂಟಿನ ಉಂಡೆ ತಂದು ಸುರಿದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುವುದುಂಟು. ನಮ್ಮ ಮನೆಯಲ್ಲಿ ಎಲ್ಲ ಅತ್ತೆಯ ಕಾಲವೇ: ಗಂಗಮ್ಮ ಕಟ್ಟೆಯ ಮೇಲೆ ನೆಟ್ಟಗೆ ಕೂತು, ತನಗಿಂತ ಇಪ್ಪತ್ತು ವರ್ಷ ಚಿಕ್ಕವಳಾದ ಸೊಸೆ ಮಲಗಿರುವುದನ್ನು ನೋಡುತ್ತ ಏನೂ ಮಾತಾಡುತ್ತಿರಲಿಲ್ಲ. ಆ ಸುಮ್ಮನಿರುವಿಕೆ ನನ್ನನ್ನು ಬೆನ್ನಿಗಿಂತ ಹೆಚ್ಚು ಚುಚ್ಚುತ್ತಿತ್ತು.

ಈಗ ಹೊಸ ಗುಳಿಗೆಯ ಕತೆ. ಎಲುಬು ಗಟ್ಟಿಯಾಗಲು ವೈದ್ಯರು ವಾರಕ್ಕೊಂದು ಗುಳಿಗೆ ಕೊಟ್ಟಿದ್ದರು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎಂದಿದ್ದರು. ಮುಂದೆ ಇನ್ನೂ ಏನೇನೋ ಹೇಳಿದ್ದರಂತೆ. ನನ್ನ ತಲೆಯಲ್ಲಿ ಆಗ ಅವ್ವನ ಬೆನ್ನು ಕೂತಿತ್ತು, ಕಿವಿಗೆ ಏನೂ ಇಳಿಯಲಿಲ್ಲ. ನಾನು ಶಿವನ ವಾರವೆಂದು ಸೋಮವಾರ ಗೊತ್ತುಮಾಡಿಕೊಂಡೆ. ನಮ್ಮ ಮನೆಯ ಕಟ್ಟಳೆ ಎಂದರೆ ಲಿಂಗಪೂಜೆ ಆಗುವ ತನಕ ಬಾಯಿಗೆ ಹನಿ ನೀರೂ ಇಲ್ಲ. ಮದುವೆಯಾಗಿ ಬಂದ ಮರುದಿನದಿಂದ ಅತ್ತೆ ನನಗೆ ಹಾಕಿಕೊಟ್ಟ ಗೆರೆ ಅದು, ಜ್ವರ ಬಂದಾಗಲೂ ದಾಟಿದವಳಲ್ಲ. ಹೀಗಾಗಿ ಸೋಮವಾರ ಪೂಜೆ ಮುಗಿಸಿ, ಅಂಗೈಯ ತೀರ್ಥದ ಗುಟುಕಿನಲ್ಲೇ ಗುಳಿಗೆ ನುಂಗುವುದು, ಹಣೆ ನೆಲಕ್ಕೆ ಹಚ್ಚಿ ನಮಸ್ಕಾರ ಮಾಡುವುದು, ಬೆನ್ನು ನೋಯುತ್ತದೆಂದು ಹೋಗಿ ಮಲಗುವುದು. ಔಷಧಕ್ಕೆ ದೇವರ ಬಲವೂ ಸೇರಲಿ ಎಂಬ ಲೆಕ್ಕ ನನ್ನದು. ಖಾಲಿ ಹೊಟ್ಟೆಯ ಮಾತೂ ಉಳಿಯಿತು, ಕಟ್ಟಳೆಯೂ ಉಳಿಯಿತು ಎಂದು ಒಳಗೊಳಗೇ ಬೀಗುತ್ತಿದ್ದೆ.

ಕೆಲವು ಸೋಮವಾರ ಕಳೆಯುವುದರೊಳಗೆ ಎದೆಯ ನಡುವೆ ಕೆಂಡ ಇಟ್ಟ ಹಾಗೆ ಉರಿಯಲು ಶುರುವಾಯಿತು. ರೊಟ್ಟಿಯ ತುತ್ತು ಇಳಿಯುವಾಗ ಕಣ್ಣಲ್ಲಿ ನೀರು. ಮಹಾದೇವಿ ಅದು ಖಾರದ ಉರಿಯೆಂದು ತೀರ್ಪು ಕೊಟ್ಟಳು. ಮನೆಯಿಂದ ಕೆಂಪು ಚಟ್ನಿ ಹೋಯಿತು, ಪುಂಡಿಪಲ್ಯದ ಮೆಣಸಿನಕಾಯಿ ಹೋಯಿತು, ನನ್ನ ಒಂದು ಗುಳಿಗೆಗಾಗಿ ಇಡೀ ಮನೆ ಸಪ್ಪೆ ಉಂಡಿತು. ಉರಿ ಮಾತ್ರ ಇದ್ದಲ್ಲೇ ಇತ್ತು. ಈ ಗುಳಿಗೆ ನನ್ನ ಮೈಗೆ ಆಗಿಬರುವುದಿಲ್ಲ, ಬಿಟ್ಟುಬಿಡುತ್ತೇನೆ ಎಂದು ನಾನು ಹಟ ಹಿಡಿದೆ.

ಬಿಡಲು ಬಿಡದೆ ನನ್ನನ್ನು ಎಳೆದುಕೊಂಡು ಹೋದವಳು ಗೆಳತಿ ಶಾಂತಾಬಾಯಿ. ನಮ್ಮ ಓಣಿಯ ಹಿಂದಿನ ಓಣಿಯವಳು, ಶಾಲೆಯ ಮಾಸ್ತರಿಕೆಯಿಂದ ನಿವೃತ್ತಳಾದವಳು, ಮನೆಯ ನಡುಕೋಣೆಯಲ್ಲಿ ಬುದ್ಧನನ್ನಿಟ್ಟವಳು. ಅವಳದೂ ತೆಳು ಎಲುಬೇ, ಮಣಿಕಟ್ಟು ಮುರಿದುಕೊಂಡಿದ್ದಳು. ಯಾದಗಿರಿಯ ಬಸ್ಸಿನ ತುಂಬ, ಕಾಯುವ ಬೆಂಚಿನ ತುಂಬ ನನಗೆ ಪಾಠ ಮಾಡಿದಳು. ವೈದ್ಯರು ಎದೆಯುರಿಯ ಮಾತು ಕೇಳಿ ಒಂದು ಲೋಟ ನೀರು, ಒಂದು ಪೆಪ್ಪರಮೆಂಟು ತರಿಸಿದರು. ಗುಳಿಗೆ ಹೇಗೆ ತೆಗೆದುಕೊಳ್ಳುತ್ತೀರಿ, ನನ್ನ ಮುಂದೆ ಮಾಡಿ ತೋರಿಸಿ ಎಂದರು. ನಾನು ಭಕ್ತಿಯಿಂದ ಅಂಗೈ ಗುಣಿ ಮಾಡಿ, ಒಂದು ಗುಟುಕು ನೀರಿನಲ್ಲಿ ಪೆಪ್ಪರಮೆಂಟು ಬಾಯಿಗೆ ಹಾಕಿ, ಬಾಗಿ ಅವರ ಮೇಜಿಗೆ ಹಣೆ ಹಚ್ಚಿದೆ. ಎದುರಿಗಿದ್ದ ನರ್ಸು ಬಾಯಿಗೆ ಕೈ ಅಡ್ಡ ಹಿಡಿದಳು.

"ಯವ್ವಾ, ಗುಳಗಿ ಹೊಟ್ಟಿಗೇ ಮುಟ್ಟಿಲ್ಲ," ಎಂದರು ವೈದ್ಯರು. "ಅನ್ನನಾಳದಾಗ ಅಂಟಿಕೊಂಡು ಅಲ್ಲೇ ಸುಟ್ಟದ."

ಆ ಗುಳಿಗೆಗೆ ತುಂಬಿದ ಲೋಟ ನೀರು ಬೇಕಂತೆ. ಎದ್ದ ಕೂಡಲೇ ನುಂಗಬೇಕು. ನುಂಗಿದ ಮೇಲೆ ಕನಿಷ್ಠ ಅರ್ಧ ತಾಸು ನೆಟ್ಟಗೆ ಕೂತಿರಬೇಕು, ಇಲ್ಲವೆ ನಿಂತಿರಬೇಕು. ಬಾಗಬಾರದು, ಮಲಗಬಾರದು, ಬರೀ ನೀರು ಬಿಟ್ಟು ಬೇರೇನೂ ಮುಟ್ಟಬಾರದು, ಚಹಾ ಕೂಡ. ಮೊದಲು ಉರಿ ಆರಲಿ, ಅಲ್ಲಿಯ ತನಕ ಗುಳಿಗೆ ಬೇಡ. ಆಮೇಲೆ ಸರಿಯಾಗಿ ತೆಗೆದುಕೊಂಡು ನೋಡೋಣ, ಮತ್ತೆ ಉರಿದರೆ ಸೂಜಿಯ ದಾರಿಯೂ ಇದೆ ಎಂದರು. ನಾನು ಎಲ್ಲಕ್ಕೂ ತಲೆಯಾಡಿಸಿದೆ. ಆದರೆ ಪೂಜೆಗೆ ಮೊದಲು ತುಂಬಿದ ಲೋಟ ನೀರು? ಅದನ್ನು ಹೇಗೆ ಕುಡಿಯಲಿ?

ಉರಿ ಆರುವ ತನಕ ಸಿಕ್ಕ ಬಿಡುವಿನಲ್ಲಿ ಶಾಂತಾಬಾಯಿ ನನ್ನನ್ನು ವ್ಯಾಯಾಮಕ್ಕೆ ಹಚ್ಚಿದಳು. ಆಸ್ಪತ್ರೆಯ ಫಿಜಿಯೋ ಹುಡುಗಿ ಎಲ್ಲ ಹೇಳಿಕೊಟ್ಟಿದ್ದಳು: ಕುರ್ಚಿಯಿಂದ ಕೈ ಊರದೆ ಏಳುವುದು, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಗೋಡೆಗೆ ಬೆನ್ನು ಹಚ್ಚಿ ನಿಂತು ತಲೆಯ ಹಿಂಭಾಗ ಗೋಡೆಗೆ ಮುಟ್ಟಿಸುವುದು. ನನ್ನ ತಲೆ ಗೋಡೆಗೆ ಮುಟ್ಟಲಿಲ್ಲ! ನಡುವೆ ಒಂದು ಮುಷ್ಟಿ ಜಾಗ. ಆ ಜಾಗದಲ್ಲಿ ನನ್ನ ಹಡೆದವ್ವ ಅಡಗಿ ಕೂತಿದ್ದಾಳೆ ಎನಿಸಿ ಅತ್ತುಬಿಟ್ಟೆ. ಅಳು ಮುಗಿದ ಮೇಲೆ ಮತ್ತೆ ಗೋಡೆಗೆ ನಿಂತೆ.

ಬೆಳಗಿನ ನಡಿಗೆಗೆ ಶಾಂತಾಬಾಯಿ ಬಾಗಿಲಿಗೇ ಬರುತ್ತಿದ್ದಳು. ಮೊದಮೊದಲು ಓಣಿಯ ತುದಿ ಮುಟ್ಟುವುದರೊಳಗೆ ನನಗೆ ಸಾಕೋ ಸಾಕು. ಒಂದು ದಿನ ಬೆನ್ನು ನೋವು, ಇವತ್ತು ಮಲಗುತ್ತೇನೆ ಎಂದೆ. ಅವಳು ಬಾಗಿಲಲ್ಲೇ ನಿಂತು ಎದುರಿನ ಬೆಟ್ಟದ ಕಡೆ ಕೈ ತೋರಿಸಿದಳು. ನಮ್ಮ ಊರ ಬೆಟ್ಟ ದೂರದಿಂದ ಬುದ್ಧ ಮಲಗಿದ ಹಾಗೇ ಕಾಣುತ್ತದೆ, ಹಣೆ, ಮೂಗು, ಎದೆ ಎಲ್ಲ.

"ನಮ್ಮೂರಾಗ ಮಲಗಾಕ ನಮ್ಮ ಬುದ್ಧ ಒಬ್ಬಾಂವ ಸಾಕು," ಎಂದಳು. "ನಾವು ನಡಿಯೂಣು, ಏಳು."

ಏಳದೆ ಏನು ಮಾಡಲಿ? ನಡೆದೆ. ದಿನ ಹೋದ ಹಾಗೆ ಕೆರೆಯ ದಾರಿ ಮುಟ್ಟಿದೆವು. ಪಂಪು ಎಳೆಯಲು ಇದ್ದ ನಾಚಿಕೆ ಹೋಯಿತು, ಉಸಿರು ಹದಕ್ಕೆ ಬಂತು. ಗುಂಡು ಮುಖ ಇಳಿಯತೊಡಗಿತು. ದಾರಿಯಲ್ಲಿ ಸಿಕ್ಕ ಗಿರಾಕಿಗಳು ಈಗ, ಅಯ್ಯೋ ಎಷ್ಟು ಸೊರಗಿದಿ ಎಂದು ಮರುಗಿದರು. ನನಗೆ ಕುಣಿಯಬೇಕೆನಿಸಿತು.

ಎದೆಯುರಿ ಪೂರ್ತಿ ಆರಿತು. ವೈದ್ಯರು ಗುಳಿಗೆ ಮತ್ತೆ ಶುರುಮಾಡಲು ಹೇಳಿದ ಮೊದಲ ಸೋಮವಾರ ಬಂದೇಬಿಟ್ಟಿತು. ನಾನು ಎದ್ದು ಸ್ನಾನ ಮಾಡಿ, ತುಂಬಿದ ಲೋಟ, ಗುಳಿಗೆ ಎರಡನ್ನೂ ಮುಂದಿಟ್ಟುಕೊಂಡು ದೇವರ ಕೋಣೆಯ ಹೊಸ್ತಿಲ ಹೊರಗೆ ಕುರ್ಚಿಯಲ್ಲಿ ಕೂತೆ. ಪೂಜೆ ಮೊದಲು ಮಾಡಿದರೆ ಕಡೆಯಲ್ಲಿ ಪ್ರಸಾದ, ಚಹಾ, ಮನೆಯವರ ಗದ್ದಲ. ಅರ್ಧ ತಾಸು ಯಾರು ಕೂಡಗೊಡುತ್ತಾರೆ? ಗುಳಿಗೆ ಮೊದಲು ನುಂಗಿದರೆ ನಲವತ್ತು ಚಿಲ್ಲರೆ ವರ್ಷದ ನೇಮ ಮುರಿಯುತ್ತದೆ. ಕೈಯಲ್ಲಿ ಲೋಟ ಹಿಡಿದು ಇಡುವುದು, ಹಿಡಿದು ಇಡುವುದು. ಅತ್ತೆ ವಿಭೂತಿ ಧರಿಸುತ್ತ ಎಲ್ಲ ನೋಡುತ್ತಿದ್ದಳು. ಇವಳಿಂದ ಬೈಗುಳ ತಪ್ಪಿದ್ದಲ್ಲ ಎಂದುಕೊಂಡು, ಹೆದರಿಕೊಂಡೇ ವೈದ್ಯರು ಹೇಳಿದ್ದೆಲ್ಲ ಹೇಳಿದೆ. ಅತ್ತೆ ವಿಭೂತಿಯ ಕೈ ಒರೆಸಿಕೊಂಡಳು.

"ಗುಳಗಿ ಏನು ಊಟೇನ? ಲಿಂಗಾ ಹಿಡಿಯೂ ಮೈ ನೆಟ್ಟಗಿರಬೇಕೋ ಬ್ಯಾಡೋ?" ಎಂದಳು. "ನೀರು ಕುಡಿ. ಗುಳಗಿ ನುಂಗು. ಆಮ್ಯಾಲ ಬಂದು ನನ್ನ ಬಾಜೂ ಕುಂದ್ರು."

ನಾನು ಅವಳ ಮುಖ ನೋಡಿದೆ. ಗೆರೆ ಹಾಕಿದವಳೇ ಗೆರೆ ಅಳಿಸುತ್ತಿದ್ದಳು, ಅದೂ ಇಷ್ಟು ಸಲೀಸಾಗಿ. ಲೋಟ ಎತ್ತಿ ಪೂರ್ತಿ ಕುಡಿದೆ. ಗುಳಿಗೆ ಗಂಟಲಿಂದ ಸರಸರನೆ ಇಳಿಯಿತು. ಕುರ್ಚಿಯನ್ನು ಅತ್ತೆಯ ಪಕ್ಕಕ್ಕೆ ಎಳೆದುಕೊಂಡು, ಕಾಲ ಕೆಳಗೆ ಮಣೆ ಇಟ್ಟುಕೊಂಡು, ಎಡ ಅಂಗೈಯಲ್ಲಿ ಲಿಂಗ ಹಿಡಿದು ಕೂತೆ. ಲಿಂಗದ ಮೇಲೆ ಕಣ್ಣು ನೆಟ್ಟ ಮೇಲೆ ಮೆಲ್ಲಗೆ ತಲೆಗೆ ಹೊಳೆಯಿತು. ಅರ್ಧ ತಾಸು, ನೆಟ್ಟಗೆ, ಬಾಯಿಗೆ ಏನೂ ಹಾಕದೆ, ಎದ್ದು ಓಡಾಡದೆ ಕೂಡುವುದು. ವೈದ್ಯರು ಕೇಳಿದ್ದು ಇದನ್ನೇ, ನಾನು ಮದುವೆಯಾದಾಗಿನಿಂದ ದಿನಾ ಮಾಡುತ್ತ ಬಂದದ್ದೂ ಇದನ್ನೇ! ನಗು ತಡೆಯಲಾಗಲಿಲ್ಲ. ಪೂಜೆಯ ನಡುವೆ ನಕ್ಕಿದ್ದಕ್ಕೆ ಅತ್ತೆ ಮೊಣಕೈಯಿಂದ ತಿವಿದಳು.

ಪೂಜೆಯ ಕಡೆಯಲ್ಲಿ ರೂಢಿಯಂತೆ ನಾನು ಬಾಗಲು ಹೋದೆ. ಅವಳ ಕೈ ನನ್ನ ಎದೆಗೆ ಅಡ್ಡ ಬಂತು. ಬಾಗಬೇಡ, ಲಿಂಗವನ್ನೇ ಕಣ್ಣಿಗೆ ಎತ್ತಿಕೋ ಎಂದಳು. ಎತ್ತಿಕೊಂಡೆ. ಅಂದಿನಿಂದ ನಮ್ಮ ಮನೆಯಲ್ಲಿ ಸೋಮವಾರದ ಪೂಜೆಗೆ ಗಡಿಯಾರ ಬೇಕಿಲ್ಲ, ಅತ್ತೆ ಏಳು ಎನ್ನುವ ತನಕ ನಾನು ಏಳುವುದಿಲ್ಲ. ಎದೆ ಮತ್ತೆ ಉರಿಯಲಿಲ್ಲ. ಕೆಂಪು ಚಟ್ನಿ ಊಟಕ್ಕೆ ವಾಪಸು ಬಂದ ದಿನ ಮಗ ಎರಡು ರೊಟ್ಟಿ ಹೆಚ್ಚು ತಿಂದ.

ಉಳಿದದ್ದು ಗಾದಿ. ಒತ್ತಾಯ ಮಾಡಿ ಅಂಗಡಿಗೆ ಹೋದರೆ ಮಹಾದೇವಿ ನನ್ನನ್ನು ಗಲ್ಲಾದ ಪಕ್ಕದಲ್ಲಿ ಕುರ್ಚಿ ಹಾಕಿ ಕೂಡಿಸುತ್ತಿದ್ದಳು. ಬಂದವರು ಕೈ ಮುಗಿದು, ಆರಾಮೇನ್ರಿ ಎಂದು ಕೇಳಿ, ಗಾದಿಯ ಕಡೆ ತಿರುಗುತ್ತಿದ್ದರು. ನನ್ನನ್ನು ಅಂಗಡಿಯ ಫೋಟೋ ಮಾಡಿದ್ದರು, ಹಾರ ಹಾಕುವುದೊಂದೇ ಬಾಕಿ. ಮಹಾದೇವಿ ಸೀರೆಯ ಮಡಿಕೆ ಬಿಚ್ಚಿ ತೋರಿಸುತ್ತಾಳೆ, ಬೀಸುವುದಿಲ್ಲ. ನೋಡುತ್ತ ಕೂತ ನನ್ನ ಕೈ ತುರಿಸುತ್ತಿತ್ತು. ಒಂದು ದಿನ ಇದನ್ನು ಅವಳಿಗೆ ನೇರವಾಗಿಯೇ ಹೇಳಿದೆ: ನನಗೆ ಎಲುಬು ಬೇಕಾಗಿರುವುದು ಕುರ್ಚಿಯಲ್ಲಿ ಕೂಡಲಿಕ್ಕಲ್ಲ, ಸೀರೆ ಬೀಸಲಿಕ್ಕೆ.

ಮುಂದಿನ ಸಲ ಅವಳು ಯಾದಗಿರಿಗೆ ತಾನೇ ಜೊತೆಗೆ ಬಂದು ವೈದ್ಯರನ್ನೂ ಫಿಜಿಯೋ ಹುಡುಗಿಯನ್ನೂ ಬಿಡದೆ ಕೇಳಿದಳು. ಮಂಡಿಯೂರಿ ಬಾಗುವುದು, ಸೊಂಟ ತಿರುಚುವುದು ಬೇಡವೇ ಬೇಡ, ಬೆನ್ನು ನೆಟ್ಟಗಿಟ್ಟು ತೋಳಿನಿಂದ ಮಾಡುವ ಕೆಲಸ ಆಗಬಹುದು ಎಂದರು. ಬಂದವಳೇ ಬಡಿಗೇರನನ್ನು ಕರೆಸಿ ಗಾದಿಯ ಕೆಳಗೆ ನನ್ನ ಸೊಂಟದೆತ್ತರದ ಹಲಗೆಯ ಕಟ್ಟೆ ಕಟ್ಟಿಸಿದಳು, ಗಿರಾಕಿಗಳಿಗೆ ಸುತ್ತ ಎತ್ತರದ ಸ್ಟೂಲು ಹಾಕಿಸಿದಳು. ಗಾದಿ ನನ್ನ ಹತ್ತಿರಕ್ಕೆ ತಾನೇ ಎದ್ದು ಬಂದಿತ್ತು. ನಾನು ನಿಂತೇ ಬೀಸಬಹುದಿತ್ತು. ಮಹಾದೇವಿಯನ್ನು ಅಪ್ಪಿಕೊಂಡೆ, ಅವಳು ಬೆನ್ನು ಬೆನ್ನು ಎಂದು ಕೂಗಿಕೊಂಡಳು.

ಹೊಸ ಗಾದಿಯ ಮೊದಲ ದಿನ ಮೊದಲ ಗಿರಾಕಿಯಾಗಿ ಬಂದವಳು ನನ್ನ ಅತ್ತೆ. ಅಂಗಡಿಯ ಮೆಟ್ಟಿಲು ತುಳಿಯದೆ ಎಷ್ಟೋ ವರ್ಷವಾಗಿತ್ತು. ಶಾಂತಾಬಾಯಿಯ ಕೈ ಹಿಡಿದು ಬಂದು, ಸ್ಟೂಲಿನ ಮೇಲೆ ಕೂತು, ಗುರುತಿಲ್ಲದವಳ ಹಾಗೆ ಹಸಿರು ಸೀರೆ ತೋರಿಸು ಎಂದಳು.

ಕಟಕ್ಕೆಂದ ಆ ಸದ್ದು ಕಿವಿಯಲ್ಲೇ ಇತ್ತು. ಮಹಾದೇವಿ ಕಟ್ಟಿನಿಂದ ಹಸಿರು ಸೀರೆ ತೆಗೆದು ನನ್ನ ಕೈಗಿತ್ತಳು. ಪಾದ ಅಗಲಿಸಿ ನಿಂತೆ, ಗೋಡೆಗೆ ನಿಂತ ಹಾಗೆ ತಲೆ ಹಿಂದಕ್ಕೆ ತಂದೆ, ಹೆಗಲು ಹಿಂದಕ್ಕೆ ತಂದೆ, ಮಡಿಕೆಯ ತುದಿ ಹಿಡಿದು ಝಾಡಿಸಿದೆ. ಸೀರೆ ಹರಿಯಿತು. ಗಾದಿಯುದ್ದಕ್ಕೂ ಹಸಿರು ಓಡಿ ಸೆರಗು ಅತ್ತೆಯ ಮಡಿಲಿಗೆ ಬಿತ್ತು. ಬೆನ್ನು ಸುಮ್ಮನಿತ್ತು.

ಶಾಂತಾಬಾಯಿ ಚಪ್ಪಾಳೆ ತಟ್ಟಿದಳು. ಅತ್ತೆ ಸೆರಗನ್ನು ಮುಟ್ಟಲೂ ಇಲ್ಲ, ಸೀರೆಯ ಕಡೆ ಕಣ್ಣು ಹಾಯಿಸಲೂ ಇಲ್ಲ. ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು, ನಾನು ಅವಳ ಮುಖವನ್ನು ನೇರ ನೋಡುತ್ತ ನಿಂತಿದ್ದೆ.

"ನೆಟ್ಟಗ ಅದಿ," ಎಂದಳು. "ಇನ್ನೊಂದು ತೋರ್ಸು."